ಮೊದಲು ಹೇಳೋದು ಸಣ್ಣ ರಕ್ತನಾಳ

ಟೀ ಕುಡೀತಾ ಶುಗರ್, ಬಿಪಿ ಎಲ್ಲಾ ಮಾತಾಡೋ ನಾವು ಗಂಡಸರು, ನಿಮಿರು ದೌರ್ಬಲ್ಯದ ವಿಷಯ ಬಂದ್ರೆ ಮಾತ್ರ ಮೊಬೈಲ್ ನೋಡ್ತೀವಿ. ಸುಸ್ತು, ಟೆನ್ಷನ್ ಇದ್ದಾಗ ಒಮ್ಮೊಮ್ಮೆ ಹಾಗಾಗೋದು ಸಹಜ. ಆದರೆ ನಿಮಿರದಿರುವುದು, ನಿಮಿರಿದರೂ ನಿಲ್ಲದಿರುವುದು 3 ತಿಂಗಳಿಂದ ನಡೀತಿದ್ರೆ ಡಾಕ್ಟರನ್ನು ಕಾಣಬೇಕು. ಬೆಳಗ್ಗೆ ಏಳುವಾಗ ಸರಿಯಿದ್ದರೆ ಕಾರಣ ಹೆಚ್ಚಾಗಿ ಮನಸ್ಸಿನದು. ಅದೂ ಕಡಿಮೆಯಾಗುತ್ತಾ ಬಂದಿದ್ದರೆ ರಕ್ತನಾಳ, ನರ, ಹಾರ್ಮೋನ್ ಕಡೆ ನೋಡಬೇಕು.

ಶಿಶ್ನದ ರಕ್ತನಾಳ 1–2 ಮಿಲಿಮೀಟರ್ ಅಗಲ, ಹೃದಯದ್ದು 3–4. ಕೊಬ್ಬು ಕಟ್ಟಿದರೆ ಸಣ್ಣದಕ್ಕೇ ಮೊದಲು ತೊಂದರೆ, ಕೆಲವೊಮ್ಮೆ ಎದೆನೋವಿಗೆ ವರ್ಷಗಳ ಮುಂಚೆಯೇ. ಸುಮ್ಮನೆ ಮಾತ್ರೆ ತರಿಸಿ ನುಂಗಿದರೆ ಆ ಸೂಚನೆ ಮುಚ್ಚಿಹೋಗುತ್ತೆ. ನಾನು ಗೆಳೆಯರಿಗೆ ಹೇಳೋದಿಷ್ಟೇ: ನಾಚಿಕೆ ಆಮೇಲೆ, ಮೊದಲು ಶುಗರ್, ಬಿಪಿ, ಕೊಲೆಸ್ಟ್ರಾಲ್ ಚೆಕ್ ಮಾಡಿಸ್ರೋ.