ಡೆಕ್ಕಿಗೆ ಎಣ್ಣೆ ಕುಡಿಸುವ ಕಾಲ ಮೇ ತಿಂಗಳಲ್ಲ

ಮಲೆನಾಡು, ಕೊಡಗಿನ ಹೊಸ ಮನೆಗಳಿಗೂ ಹೋಮ್‌ಸ್ಟೇಗಳಿಗೂ ಈಗ ಮರದ ಡೆಕ್ ಬೇಕೇಬೇಕು ಎಂಬಂತಾಗಿದೆ. ಇಳಿಜಾರಿನ ಕಡೆಗೆ ಚಾಚಿದ, ಕೆಳಗೆ ಕಂಬಗಳ ಮೇಲೆ ನಿಂತ, ಮೇಲೆ ಸೂರಿಲ್ಲದ ಈ ಹಲಗೆಯ ಜಗಲಿಗೆ ಸಾವಿರಗಟ್ಟಲೆ ಅಲ್ಲ, ಲಕ್ಷಗಟ್ಟಲೆ ಸುರಿಯುವವರಿದ್ದಾರೆ. ಅದರ ಆರೈಕೆ ಮಾತ್ರ ಮೇ ಕೊನೆಯ ಗಡಿಬಿಡಿಯಲ್ಲಿ ಮುಗಿದುಹೋಗುತ್ತದೆ. ಮಳೆ ಹಿಡಿಯುವ ಮೊದಲು ಪೇಂಟರ್‌ನನ್ನು ಕರೆಸಿ ಹೊಳೆಯುವ ವಾರ್ನಿಶ್ ಒಂದು ಕೋಟ್ ಬಳಿಸಿದರೆ ಆ ವರ್ಷದ ಕೆಲಸ ಆಯಿತು ಎಂದುಕೊಳ್ಳುತ್ತೇವೆ. ಕಾಲವೂ ತಪ್ಪು, ಕೆಲಸವೂ ತಪ್ಪು ಎಂಬುದು ನನ್ನ ವಾದ. ನಮ್ಮ ಹವೆಯಲ್ಲಿ ಮರಕ್ಕೆ ಎಣ್ಣೆ ಕುಡಿಸಬೇಕಾದ್ದು ಜನವರಿ ಕೊನೆಯಿಂದ ಫೆಬ್ರವರಿಯೊಳಗೆ. ತೊಳೆದು ತಪಾಸಣೆ ಮಾಡಬೇಕಾದ್ದು ಮಳೆ ಹೊಳವಾದ ಮೇಲೆ. ಮೇ ತಿಂಗಳಿಗೆ ಉಳಿಯಬೇಕಾದ್ದು ನೀರಿನ ದಾರಿ ಬಿಡಿಸುವುದು, ಅಷ್ಟೇ.

ಮರ ಕುಂಬಾಗುವುದು ನೀರು ಬಿದ್ದದ್ದರಿಂದಲ್ಲ, ಬಿದ್ದ ನೀರು ಆರದೆ ಉಳಿದದ್ದರಿಂದ. ಮರವನ್ನು ತಿನ್ನುವ ಶಿಲೀಂಧ್ರ ಬೆಳೆಯಬೇಕಾದರೆ ಹಲಗೆಯೊಳಗಿನ ತೇವ, ಒಣಮರದ ತೂಕದ ಲೆಕ್ಕದಲ್ಲಿ, ಶೇ 20ನ್ನು ದಾಟಿ ಬಹುಕಾಲ ಅಲ್ಲೇ ನಿಲ್ಲಬೇಕು. ಶೇ 30ರ ಆಸುಪಾಸಿಗೆ ಏರಿದರೆ ಅದರ ಆಟಕ್ಕೆ ತಡೆಯೇ ಇಲ್ಲ. ಮಲೆನಾಡಿನ ಜುಲೈ ಗಾಳಿಯಲ್ಲಿ ಆರ್ದ್ರತೆ ಶೇ 90ರ ಸುತ್ತ ಇರುತ್ತದೆ. ಅಂಥ ಗಾಳಿಯಲ್ಲಿ ಸೂರಿನಡಿ ಇಟ್ಟ, ಒಂದು ಹನಿಯೂ ತಾಗದ ಹಲಗೆಯ ತೇವವೇ ಶೇ 20ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಇನ್ನು ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ, ಬಯಲಿಗೆ ಒಡ್ಡಿಕೊಂಡ ಡೆಕ್ ಮೃಗಶಿರದಿಂದ ಹುಬ್ಬೆ ಮಳೆಯವರೆಗೂ ನೆನೆದೇ ಇರುತ್ತದೆ. ಅಷ್ಟು ದಿನ ನೀರನ್ನು ಪೂರ್ತಿ ತಡೆದು ನಿಲ್ಲುವ ಬಣ್ಣ ಯಾವ ಡಬ್ಬಿಯಲ್ಲೂ ಇಲ್ಲ. ಹಾಗಾಗಿ ನೀರನ್ನು ಹೊರಗಿಡುವ ಹಟ ಬಿಟ್ಟು, ಒಳಹೊಕ್ಕ ನೀರು ಬೇಗ ಹೊರಬೀಳುವಂತೆ ನೋಡಿಕೊಳ್ಳಬೇಕು. ಹಿಂದಿನವರು ಈ ತೊಡಕಿಗೆ ಸಿಕ್ಕಿಕೊಳ್ಳಲೇ ಇಲ್ಲ. ಚಾಚಿದ ಸೂರು, ಕಂಬದ ಬುಡಕ್ಕೆ ಕಲ್ಲು, ಎರಚಲು ಹೊಡೆಯುವ ಕಡೆ ಸೋಗೆಯ ತಟ್ಟಿ ಕಟ್ಟಿ ಮರವನ್ನು ಮಳೆಯಿಂದ ದೂರವೇ ಇಟ್ಟಿದ್ದರು. ಆ ರಕ್ಷಣೆಯನ್ನೆಲ್ಲ ತೆಗೆದುಹಾಕಿದ ಮೇಲೆ, ಅದರ ಬದಲಿಗೆ ಆರೈಕೆಯನ್ನಾದರೂ ಕೊಡಬೇಕಲ್ಲವೇ?

ವಾರ್ನಿಶ್ ಮರದ ಮೇಲೆ ಪೊರೆ ಕಟ್ಟುತ್ತದೆ. ಆದರೆ ಹಲಗೆ ಒಂದೇ ಅಳತೆಯಲ್ಲಿ ಇರುವ ವಸ್ತುವಲ್ಲ. ಉದ್ದಕ್ಕೆ ಅದು ಹೆಚ್ಚುಕಡಿಮೆ ಬದಲಾಗದಿದ್ದರೂ ಅಗಲಕ್ಕೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿಸಿಲಿಗೆ ಗಡುಸಾದ ಪೊರೆ ಆ ಹಿಗ್ಗುಕುಗ್ಗಿಗೆ ತಾಳಲಾರದೆ ಮೊದಲು ಮೊಳೆಯ ಸುತ್ತ, ಆಮೇಲೆ ಹಲಗೆಯ ಅಂಚಿನಲ್ಲಿ ಸೀಳುತ್ತದೆ. ಹಲಗೆಯ ತುದಿಯನ್ನು ಹತ್ತಿರದಿಂದ ನೋಡಿದರೆ ಅದು ಹುಲ್ಲಿನ ಕಂತೆಯ ಕೊಯ್ದ ಬಾಯಿಯಂತೆ ಸಣ್ಣ ಸಣ್ಣ ರಂಧ್ರಗಳಿಂದ ತುಂಬಿರುತ್ತದೆ. ಮೈಗಿಂತ ಹಲವು ಪಟ್ಟು ವೇಗವಾಗಿ ನೀರು ಹೀರುವುದು ಈ ತುದಿ. ಪೇಂಟರ್ ಬಿಟ್ಟುಬಿಡುವುದೂ ಇದನ್ನೇ. ಸೀಳಿನಿಂದಲೂ ತುದಿಯಿಂದಲೂ ಒಳಹೋದ ನೀರಿಗೆ ಮೇಲಿನ ಪೊರೆ ಮುಚ್ಚಳವಾಗುತ್ತದೆ. ಮೇಲೆ ಹೊಳಪು ಹಾಗೇ ಇರುವಾಗ ಒಳಗೆ ಮರ ಮೆತ್ತಗಾಗುತ್ತಿರುತ್ತದೆ. ಮೇ ಕೊನೆಯ ಬಳಿತದ ಹಾನಿ ಇನ್ನೂ ಹೆಚ್ಚು. ಅಷ್ಟರೊಳಗೆ ಕಾಫಿಯ ಹೂಮಳೆ, ಆಮೇಲೆ ಗುಡುಗಿನ ಮಳೆಗಳು ಬಂದುಹೋಗಿ ಹಲಗೆ ಮತ್ತೆ ತೇವ ಹೀರಿಕೊಂಡಿರುತ್ತದೆ. ಆ ತೇವವನ್ನು ಒಳಗಿಟ್ಟೇ ಬಾಗಿಲು ಹಾಕಿದಂತಾಗುತ್ತದೆ.

ಪೊರೆ ಕಟ್ಟದೆ ಒಳಗಿಳಿಯುವ ಎಣ್ಣೆ ಇದಕ್ಕಿಂತ ಮೇಲು. ಅದು ನೀರು ಹೀರುವ ವೇಗವನ್ನು ತಗ್ಗಿಸುತ್ತದೆ, ಒಣಗುವುದಕ್ಕೆ ಅಷ್ಟಾಗಿ ಅಡ್ಡಿಪಡಿಸುವುದಿಲ್ಲ. ಸವೆದಾಗ ಸಿಪ್ಪೆ ಏಳುವುದಿಲ್ಲವಾದ್ದರಿಂದ ಕೆರೆದು ತೆಗೆಯುವ ಕೆಲಸವೂ ಇಲ್ಲ, ತೊಳೆದು ಒಣಗಿಸಿ ಮತ್ತೆ ಹಚ್ಚಿದರಾಯಿತು. ಆದರೆ ಎಣ್ಣೆ ಇಳಿಯಬೇಕಾದರೆ ಮರ ಒಣಗಿರಬೇಕು, ನಮ್ಮಲ್ಲಿ ಅದು ಚೆನ್ನಾಗಿ ಒಣಗಿರುವುದು ಮಾಘದ ಬಿಸಿಲಿಗೆ. ಇಬ್ಬನಿ ಆರಿದ ಮೇಲೆ ಶುರುಮಾಡಿ ಮಧ್ಯಾಹ್ನದೊಳಗೆ ಮುಗಿಸಬೇಕು, ಹೀರಿಕೊಳ್ಳದೆ ಉಳಿದ ಎಣ್ಣೆಯನ್ನು ಒರೆಸಿಬಿಡಬೇಕು. ಹಸಿ ಅಗಸೆ ಎಣ್ಣೆಯೊಂದನ್ನೇ ಬಳಿಯುವುದು ಇಲ್ಲಿಗೆ ಸಲ್ಲದು. ಬೂಷ್ಟಿಗೆ ಅದೇ ಆಹಾರವಾಗಿ ಒಂದೇ ಮಳೆಗಾಲಕ್ಕೆ ಡೆಕ್ ಕಪ್ಪಾಗುತ್ತದೆ. ಶಿಲೀಂಧ್ರ ತಡೆಯುವ ಮದ್ದು ಬೆರೆತ ಹೊರಾಂಗಣದ ಎಣ್ಣೆಯನ್ನೇ ಕೇಳಿ ತರಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಬಯಲಿನಲ್ಲಿ ಹರವಿ ಒಣಗಿಸಿದ ಮೇಲೆಯೇ ಬಿಸಾಡಬೇಕು.

ಮಳೆ ಹೊಳವಾದ ಮೇಲಿನ ಕೆಲಸ ಇದಕ್ಕಿಂತ ಮುಖ್ಯ. ಹಾವಸೆ ಕಟ್ಟಿದ ಹಲಗೆಯನ್ನು ಪ್ರೆಶರ್ ವಾಷರ್‌ನಿಂದ ಹೊಡೆದು ತೊಳೆಯುವ ಅಭ್ಯಾಸ ಹಬ್ಬುತ್ತಿದೆ. ಒಂದು ಗಂಟೆಯಲ್ಲಿ ಮರ ಹೊಸದಾದಂತೆ ಕಾಣುತ್ತದೆ ನಿಜ. ಆದರೆ ಆ ನೀರಿನ ಏಟಿಗೆ ಮರದ ಮೆದು ಭಾಗ ಕಿತ್ತುಹೋಗಿ ಎಳೆಗಳು ಎದ್ದುನಿಲ್ಲುತ್ತವೆ, ಮುಂದಿನ ವರ್ಷ ಅದೇ ಗೀರುಗಳಲ್ಲಿ ಹಾವಸೆ ಇಮ್ಮಡಿ ಬೆಳೆಯುತ್ತದೆ. ಸೋಪಿನ ನೀರು, ಗಟ್ಟಿ ನಾರಿನ ಬ್ರಷ್, ಸ್ವಲ್ಪ ತೋಳಿನ ಬಲ ಸಾಕು. ತೊಳೆದ ಮೇಲೆ ಕೆಳಗಿಳಿದು ನೋಡಬೇಕು. ಡೆಕ್ ಸಾಯುವುದು ಮೇಲಿನಿಂದಲ್ಲ, ಅಡಿಯಿಂದ. ತೊಲೆ ಗೋಡೆಗೆ ಸೇರುವಲ್ಲಿ, ಕೈಕಂಬಿಯ ಗೂಟ ತೊಲೆಗೆ ಕೂರುವಲ್ಲಿ, ಕಂಬ ನೆಲ ಮುಟ್ಟುವಲ್ಲಿ ಒಂದು ಸ್ಕ್ರೂಡ್ರೈವರ್ ಒತ್ತಿ ನೋಡಿದರೆ ಸಾಕು. ಗಟ್ಟಿಮರ ಅದನ್ನು ಒಳಬಿಡುವುದಿಲ್ಲ. ಕುಂಬು ಹಿಡಿದಿದ್ದರೆ ಸಲೀಸಾಗಿ ಇಳಿಯುತ್ತದೆ. ಹತ್ತು ಜನ ನಿಂತು ಫೋಟೊ ತೆಗೆಸಿಕೊಳ್ಳುವ ಜಾಗದಲ್ಲಿ ಈ ಪರೀಕ್ಷೆಯನ್ನು ಮುಂದಕ್ಕೆ ಹಾಕುವಂತಿಲ್ಲ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಕೆಲಸದವರ ಕೊರತೆಯದು. ಅಕ್ಟೋಬರಿನಿಂದ ಅಡಕೆ ಕೊಯ್ಲು, ಬೆನ್ನಿಗೇ ಅರೇಬಿಕಾ, ಆಮೇಲೆ ರೊಬಸ್ಟಾ. ಕೊಯ್ಲಿನ ಹೊತ್ತಿನಲ್ಲಿ ಡೆಕ್ ತೊಳೆಯಲು ಆಳು ಎಲ್ಲಿಂದ ತರುವುದು, ಬಿಡುವು ಸಿಗುವುದೇ ಮೇ ತಿಂಗಳಲ್ಲಲ್ಲವೇ ಎಂದು ಕೇಳುತ್ತಾರೆ. ಈ ಕಷ್ಟ ನಿಜ, ತೋಟದವರ ಮನೆಯಲ್ಲಿ ಕೊಯ್ಲು ಬಿಟ್ಟು ಬೇರೆ ಕೆಲಸಕ್ಕೆ ಮನಸ್ಸೇ ಬಾರದು. ಆದರೆ ಮೇ ತಿಂಗಳ ಕೆಲಸ ದೊಡ್ಡದಾಗಿರುವುದು ವಾರ್ನಿಶ್ ಕೆರೆದು ಮತ್ತೆ ಬಳಿಯಬೇಕಾಗಿರುವುದರಿಂದ. ಎಣ್ಣೆಗೆ ಬದಲಾದರೆ ಸಾಮಾನ್ಯ ಅಳತೆಯ ಡೆಕ್ಕಿಗೆ ಒಬ್ಬರ ಎರಡು ದಿನದ ಕೆಲಸವಷ್ಟೇ ಉಳಿಯುತ್ತದೆ, ಅದೂ ಮನೆಯವರೇ ಮಾಡಬಹುದಾದದ್ದು. ಮೇನಲ್ಲಿ ಹಲಗೆಗಳ ಸಂದಿನಲ್ಲಿ ಸಿಕ್ಕಿಕೊಂಡ ದರಗನ್ನು ಕೀಳುವುದು, ಸೂರಂಚಿನ ನೀರಿನ ದೋಣಿ ಶುಚಿಮಾಡುವುದು, ಹೂಕುಂಡಗಳನ್ನು ಎತ್ತಿಡುವುದು ಅರ್ಧ ದಿನಕ್ಕೆ ಮುಗಿಯುತ್ತದೆ. ಕುಂಡದ ಅಡಿಯಲ್ಲಿ ಹಲಗೆ ವರ್ಷವಿಡೀ ಆರುವುದೇ ಇಲ್ಲ.

ಮದ್ದು ಹಾಕಿದ ಮರ ತಂದಿದ್ದೇವೆ, ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಒತ್ತಡದಲ್ಲಿ ಮದ್ದು ತುಂಬಿದ ಮರ ಗೆದ್ದಲಿಗೂ ಕುಂಬಿಗೂ ಬಗ್ಗುವುದು ಕಡಿಮೆ, ಅದನ್ನು ಒಪ್ಪುತ್ತೇನೆ. ಆದರೆ ಬಿಸಿಲಿಗೆ ಸೀಳುವುದನ್ನು, ಹಾವಸೆಗೆ ಜಾರುವುದನ್ನು ಆ ಮದ್ದು ತಡೆಯದು. ಕೆಲಸದ ಜಾಗದಲ್ಲಿ ಗರಗಸ ಹಾಕಿದ ತುದಿಯಲ್ಲಿ ಮದ್ದು ಇಳಿಯದ ತಿರುಳು ಬಯಲಾಗಿರುತ್ತದೆ, ಅಲ್ಲಿ ಕೈಯಾರೆ ಮತ್ತೆ ಹಚ್ಚದಿದ್ದರೆ ಕುಂಬು ಅಲ್ಲಿಂದಲೇ ಶುರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆತ ಮದ್ದಿನ ಮರವಾದರೆ ಅದರ ತುಂಡುಗಳು ಬಚ್ಚಲೊಲೆಗೆ ಹೋಗಲೇಬಾರದು. ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಉಳಿಯುತ್ತದೆ. ಬಚ್ಚಲೊಲೆಯ ಬೂದಿ ತರಕಾರಿ ಮಡಿಗೆ ಹೋಗುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ಪ್ಲಾಸ್ಟಿಕ್ ಬೆರೆತ ಹಲಗೆ ಹಾಕಿಸಿ ಈ ತಲೆನೋವನ್ನೇ ಕಳೆದುಕೊಳ್ಳುವುದು ಕೆಲವರಿಗೆ ಸರಿಹೋಗಬಹುದು. ಆಗಲೂ ಅಡಿಯಲ್ಲಿ ಗಾಳಿಯಾಡಿಸುವ ಅಗತ್ಯ, ಸಂದಿನ ದರಗು, ಮೈಮೇಲಿನ ಹಾವಸೆ ಹಾಗೇ ಇರುತ್ತವೆ, ತೊಲೆಯ ತಪಾಸಣೆಯೂ ತಪ್ಪುವುದಿಲ್ಲ. ಹೋಮ್‌ಸ್ಟೇ ನಡೆಸುವವರಂತೂ ಮಳೆ ನಿಂತ ಮೇಲೆ, ದಸರಾ ರಜೆಯ ಅತಿಥಿಗಳು ಬರುವ ಮೊದಲೇ, ಬಡಗಿಯೊಬ್ಬನನ್ನು ಡೆಕ್ಕಿನ ಕೆಳಗೆ ಇಳಿಸಲಿ. ಹೋಮ್‌ಸ್ಟೇಗಳ ನೋಂದಣಿ ನೋಡಿಕೊಳ್ಳುವ ಪ್ರವಾಸೋದ್ಯಮ ಇಲಾಖೆಯೂ ಕೋಣೆ, ಶೌಚಾಲಯಗಳ ಜೊತೆಗೆ ಎತ್ತರದ ಡೆಕ್ಕುಗಳ ತೊಲೆ ಮತ್ತು ಕೈಕಂಬಿಗಳನ್ನು ಇದೇ ಕಾಲದಲ್ಲಿ ನೋಡುವ ನಿಯಮ ಮಾಡಬೇಕು.