ಪ್ರಶ್ನೆಗೂ ಒಂದು ಮೈಕು

ಹೈದರಾಬಾದಿನಲ್ಲಿ ಪುಸ್ತಕವೊಂದು ಬಿಡುಗಡೆಯಾಗಬೇಕೆ, ಅಗಲಿದವರ ನೆನಪಿನ ಸಭೆ ನಡೆಯಬೇಕೆ, ಭೂಮಿ ಕಳೆದುಕೊಂಡವರು ತಮ್ಮ ಅಳಲು ತೋಡಿಕೊಳ್ಳಬೇಕೆ, ಜನ ಸೋಮಾಜಿಗುಡದ ಪ್ರೆಸ್ ಕ್ಲಬ್ಬಿಗೆ ಹೋಗುತ್ತಾರೆ, ಇಲ್ಲವೆ ಬಶೀರ್‌ಬಾಗಿನ ದೇಶೋದ್ಧಾರಕ ಭವನಕ್ಕೆ. ಎರಡನೆಯದಕ್ಕೆ ಆ ಹೆಸರು ಬಂದದ್ದು ಕಾಶೀನಾಥುನಿ ನಾಗೇಶ್ವರರಾಯರಿಂದ. ನಮ್ಮ ಮನೆಗಳಲ್ಲಿ ತಲೆನೋವಿಗೆ ಹಚ್ಚುವ ಅಮೃತಾಂಜನ ಅವರದು. 1908ರಲ್ಲಿ ಮುಂಬಯಿಯಲ್ಲಿ ಶುರುವಾದ ಆಂಧ್ರಪತ್ರಿಕೆಯೂ ಅವರದು. ಪ್ರತ್ಯೇಕ ತೆಲಂಗಾಣದ ಚಳವಳಿ ಕಾವೇರಿದ್ದ ವರ್ಷಗಳಲ್ಲಿ ಈ ಎರಡು ಜಾಗಗಳಲ್ಲಿ ನಡೆದ ರೌಂಡ್ ಟೇಬಲ್ ಸಭೆಗಳಿಗೆ ಲೆಕ್ಕವಿಲ್ಲ.

ಪತ್ರಕರ್ತರ ಸಭಾಂಗಣದಲ್ಲಿ ನಡೆಯುವ ಸಭೆಗಳೆಲ್ಲ ಒಂದೇ ಬಗೆಯವಲ್ಲ. ಪ್ರೆಸ್ ಮೀಟ್ ಆದರೆ ಕರೆಯುವವನೂ ಮಾತಾಡುವವನೂ ಒಬ್ಬನೇ. ಬಾಡಿಗೆ ಅವನದು, ಬ್ಯಾನರ್ ಅವನದು, ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನವೂ ಅವನದೇ. ‘ಮೀಟ್ ದಿ ಪ್ರೆಸ್’ ಆದರೆ ಸಂಘವೇ ಅತಿಥಿಯನ್ನು ಕರೆಯುತ್ತದೆ. ಅತಿಥಿ ಸ್ವಲ್ಪ ಹೊತ್ತು ಮಾತಾಡಿ, ಆಮೇಲೆ ಎದುರಿಗಿದ್ದವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಪತ್ರಕರ್ತರ ಸಂಘವೊಂದು ಊರಿಗೆ ಕೊಡಬಹುದಾದ ದೊಡ್ಡ ಕೊಡುಗೆ ಈ ಎರಡನೆಯದು ಎಂದು ನಾನು ನಂಬಿದ್ದೇನೆ. ಮೊದಲನೆಯದರಿಂದ ಕ್ಲಬ್ಬಿಗೆ ಆದಾಯ ಬರುತ್ತದೆ, ಅದೂ ಬೇಕು. ಆದರೆ ಸಭಾಂಗಣದ ದಿನಗಳೆಲ್ಲ ಬಾಡಿಗೆಗೇ ಹೋದರೆ ಸಂಘ ತನ್ನ ಜಾಗದಲ್ಲಿ ತಾನೇ ನೆಂಟನಾಗಿ ಉಳಿಯುತ್ತದೆ.

ಈ ಮಾತು ಯಾವ ಊರಿಗೂ ಹೊಂದುತ್ತದೆ. ಹೈದರಾಬಾದಿಗೆ ಹೆಚ್ಚು ಹೊಂದುತ್ತದೆ, ಏಕೆಂದರೆ ಅಲ್ಲಿ ಅನುಮತಿಯಿಲ್ಲದೆ ಸಭೆ ಸೇರುವುದೇ ಒಂದು ಕಾಲಕ್ಕೆ ಅಪರಾಧವಾಗಿತ್ತು. ನಿಜಾಮರ ಸರ್ಕಾರದ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆಗೆ ಮೊದಲೇ ಅನುಮತಿ ಪಡೆಯಬೇಕಿತ್ತು. ಹೈದರಾಬಾದ್ ಸಂಸ್ಥಾನದ ಜನ ತಮ್ಮ ರಾಜಕೀಯ ಪರಿಷತ್ತನ್ನು 1923ರಲ್ಲಿ ಕಾಕಿನಾಡದಲ್ಲಿ, 1926ರಲ್ಲಿ ಮುಂಬಯಿಯಲ್ಲಿ, 1928ರಲ್ಲಿ ಪುಣೆಯಲ್ಲಿ, 1931ರಲ್ಲಿ ಅಕೋಲದಲ್ಲಿ ನಡೆಸಿದರು. ತಮ್ಮ ಊರಿನ ಕಷ್ಟ ಹೇಳಿಕೊಳ್ಳಲು ಪರ ಊರಿಗೆ ರೈಲು ಹತ್ತಬೇಕಾಗಿತ್ತು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಆ ಸಂಸ್ಥಾನದಲ್ಲೇ ಇದ್ದವು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದೇ ರಾಜಧಾನಿ. ಆದ್ದರಿಂದ ಇದು ನಮ್ಮದೂ ಕಥೆ.

ಅನುಮತಿ ಸಿಕ್ಕ ಸಭೆಯಲ್ಲೂ ಎಲ್ಲರ ಬಾಯಿ ತೆರೆಯುತ್ತಿರಲಿಲ್ಲ. 1921ರ ನವೆಂಬರಿನಲ್ಲಿ ನಗರದ ವಿವೇಕವರ್ಧಿನಿ ರಂಗಮಂದಿರದಲ್ಲಿ ಸಮಾಜ ಸುಧಾರಣೆಯ ಸಮ್ಮೇಳನ ಸೇರಿತು. ಅಧ್ಯಕ್ಷತೆ ಮಹರ್ಷಿ ಕರ್ವೆಯವರದು. ಇಂಗ್ಲಿಷ್, ಉರ್ದು, ಮರಾಠಿ ಭಾಷಣಗಳನ್ನು ಸಭೆ ಕೇಳಿತು. ವಕೀಲರಾದ ಆಲಂಪಲ್ಲಿ ವೆಂಕಟರಾಮರಾಯರು ತೆಲುಗಿನಲ್ಲಿ ಮಾತಾಡಲು ಎದ್ದಾಗ ಗೇಲಿ, ಗದ್ದಲ ಶುರುವಾಯಿತು. ಆ ಅವಮಾನ ನುಂಗಲಾರದೆ ಕೆಲವರು ಕೂಡಿ ಆಂಧ್ರ ಜನ ಸಂಘ ಕಟ್ಟಿದರು. ಅದೇ ಮುಂದೆ ಆಂಧ್ರ ಮಹಾಸಭೆಯಾಗಿ ತೆಲಂಗಾಣದ ಹಳ್ಳಿಗಳನ್ನು ಎಬ್ಬಿಸಿತು. ಸುಧಾರಣೆಗೆಂದೇ ಸೇರಿದ ವಿದ್ಯಾವಂತರ ಸಭೆ ಆ ನಾಡಿನ ಬಹುಜನರ ಭಾಷೆಯನ್ನು ಕೇಳಿಸಿಕೊಳ್ಳಲು ಒಪ್ಪಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಲಕುತ್ತದೆ.

ಇನ್ನು ಪತ್ರಕರ್ತ ಶೋಯೆಬುಲ್ಲಾ ಖಾನ್. ಅವರು ಕೆಲಸ ಮಾಡುತ್ತಿದ್ದ ‘ರಯ್ಯತ್’ ಪತ್ರಿಕೆಯನ್ನು ಸರ್ಕಾರ ಮುಚ್ಚಿಸಿತು. ಅವರು ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆ ಹೊರಡಿಸಿದರು. ಹೈದರಾಬಾದು ಭಾರತದೊಡನೆ ಸೇರಬೇಕು, ರಜಾಕಾರರ ಪಡೆಯನ್ನು ವಿಸರ್ಜಿಸಬೇಕು ಎಂದು ಏಳು ಮಂದಿ ಮುಸ್ಲಿಮ್ ಗಣ್ಯರು ಕೊಟ್ಟ ಹೇಳಿಕೆಯನ್ನು ಅಳುಕದೆ ಅಚ್ಚು ಹಾಕಿದರು. 1948ರ ಆಗಸ್ಟ್ 21ರ ನಡುರಾತ್ರಿ, ಕಚೇರಿಯಿಂದ ಮನೆಗೆ ಹೊರಟಾಗ ಕಾಚಿಗುಡದಲ್ಲಿ ಅವರ ಮೇಲೆ ಗುಂಡು ಹಾರಿಸಿ, ಬರೆಯುವ ಕೈಯನ್ನು ಕಡಿದರು. ಅವರಿಗಿನ್ನೂ 28 ತುಂಬಿರಲಿಲ್ಲ. ತಿಂಗಳೊಳಗೆ, ಸೆಪ್ಟೆಂಬರ್ 17ರಂದು, ಅವರು ಬರೆದದ್ದೇ ಆಯಿತು. ನೋಡಲು ಅವರಿರಲಿಲ್ಲ. ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ವಿದ್ಯಾಸಂಸ್ಥೆಯೂ ಇರುವುದು ಅದೇ ಕಾಚಿಗುಡದ ಬಳಿಯಲ್ಲಿ. ಅಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.

ಸ್ವತಂತ್ರ ಭಾರತದಲ್ಲೂ ವೇದಿಕೆ ತಾನಾಗಿಯೇ ಸುರಕ್ಷಿತವಲ್ಲ. 2007ರ ಆಗಸ್ಟ್ 9ರಂದು ತಸ್ಲೀಮಾ ನಸ್ರೀನರು ತಮ್ಮ ಕಾದಂಬರಿಯ ತೆಲುಗು ಅನುವಾದದ ಬಿಡುಗಡೆಗೆ ಹೈದರಾಬಾದಿನ ಪ್ರೆಸ್ ಕ್ಲಬ್ಬಿಗೆ ಬಂದಿದ್ದರು. ಶಾಸಕರೇ ಮುಂದಾಳಾಗಿದ್ದ ಗುಂಪು ಒಳನುಗ್ಗಿ, ಕೈಗೆ ಸಿಕ್ಕಿದ್ದನ್ನು ಅವರತ್ತ ಎಸೆಯಿತು. ಅಲ್ಲಿದ್ದವರು ಅಡ್ಡ ನಿಂತು ಅವರನ್ನು ಕಾಪಾಡಿದರು. ತಸ್ಲೀಮಾರ ಬರಹವನ್ನು ಒಪ್ಪದವರಿಗೆ ಅದೇ ಸಭಾಂಗಣದಲ್ಲಿ ಎದ್ದು ನಿಂತು ಅವರನ್ನು ಪ್ರಶ್ನಿಸುವ ದಾರಿಯಿತ್ತು. ಆ ದಾರಿಯನ್ನು ತೆರೆದಿಡುವುದಕ್ಕೇ ಪತ್ರಕರ್ತರ ಸಂಘ ಇರುವುದು.

ಪ್ರಶ್ನೆಗೆ ಗುಂಪಿನ ಭಯವೊಂದೇ ಅಡ್ಡಿಯಲ್ಲ, ಸರ್ಕಾರದ ಉಪಕಾರವೂ ಅಡ್ಡಿಯಾಗುತ್ತದೆ. ಪತ್ರಕರ್ತರು, ಶಾಸಕರು, ನ್ಯಾಯಾಧೀಶರ ವಸತಿ ಸಹಕಾರ ಸಂಘಗಳಿಗೆ ಹೈದರಾಬಾದಿನಲ್ಲಿ ಮಾಡಿದ್ದ ಜಮೀನು ಹಂಚಿಕೆಯನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 25ರಂದು ರದ್ದು ಮಾಡಿತು. ಸಣ್ಣ ಸಂಬಳದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾದ ವರದಿಗಾರರ ಸಂಕಟ ನಿಜವಾದದ್ದು, ಅದನ್ನು ಹಗುರ ಮಾಡಲಾರೆ. ಆದರೂ ಮುಖ್ಯಮಂತ್ರಿಯ ಕೈಯಿಂದ ನಿವೇಶನ ಬರಬೇಕಾದವನು ಅದೇ ಮುಖ್ಯಮಂತ್ರಿಗೆ ‘ಮೀಟ್ ದಿ ಪ್ರೆಸ್’ನಲ್ಲಿ ಏನು ಕೇಳಿಯಾನು?

ಪತ್ರಕರ್ತರೇ ಮಾತಿನ ವೇದಿಕೆ ಕಟ್ಟಿದ ಮೇಲ್ಪಂಕ್ತಿ ಕನ್ನಡದಲ್ಲಿದೆ. ಪತ್ರಿಕೆ ನಡೆಸಿ ನುರಿತ ಡಿವಿಜಿಯವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ತೆರೆದರು. ನಾಗರಿಕರು ರಾಜ್ಯದ ವ್ಯವಹಾರವನ್ನು ಓದಿ, ಕೇಳಿ, ಚರ್ಚಿಸಿ ತಿಳಿಯಬೇಕೆಂಬುದು ಅವರ ಹಂಬಲ. ಹೈದರಾಬಾದಿನಲ್ಲೂ ‘ಮಂಥನ್’ ಗೆಳೆಯರು ಪ್ರತಿ ಗಾಂಧಿ ಜಯಂತಿಗೆ ದಿನವಿಡೀ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿದ್ದಾರೆ. ಬಂಜಾರಾ ಹಿಲ್ಸ್‌ನ ‘ಲಾಮಕಾನ್’ ಅಂಗಳ 2010ರಿಂದ ಎಲ್ಲರಿಗೂ ತೆರೆದಿದೆ. ಇಂಥ ಕಡೆ ಹೆಚ್ಚಾಗಿ ಕೇಳಿಸುವುದು ಇಂಗ್ಲಿಷ್. ಪತ್ರಕರ್ತರ ಸಂಘಕ್ಕೆ ಇನ್ನೂ ಅಗಲವಾಗಿ ಕೈಚಾಚುವ ಶಕ್ತಿಯಿದೆ. ಅದರ ಸದಸ್ಯರು ತೆಲುಗು, ಉರ್ದು, ಹಿಂದಿ, ಇಂಗ್ಲಿಷ್ ಪತ್ರಿಕೆಗಳಲ್ಲಿ ದುಡಿಯುವವರು.

ಆದ್ದರಿಂದ ಆ ನಗರದ ಪತ್ರಕರ್ತ ಬಂಧುಗಳಲ್ಲಿ ನಮ್ಮದೊಂದು ಕೋರಿಕೆ. ವರ್ಷಕ್ಕೊಮ್ಮೆ, ಶೋಯೆಬುಲ್ಲಾ ಖಾನರು ಅಗಲಿದ ಆಗಸ್ಟ್ 22ಕ್ಕೆ, ಅವರ ಹೆಸರಿನಲ್ಲಿ ಉಪನ್ಯಾಸ ಏರ್ಪಡಿಸಿ, ಒಂದು ವರ್ಷ ಉರ್ದುವಿನಲ್ಲಿ, ಒಂದು ವರ್ಷ ತೆಲುಗಿನಲ್ಲಿ, ಮತ್ತೆ ಮರಾಠಿ, ಕನ್ನಡಗಳಲ್ಲಿ. ಹಳೆಯ ಸಂಸ್ಥಾನದ ನಾಲ್ಕು ಭಾಷೆಗಳೂ ಆ ಮೈಕಿನ ಮುಂದೆ ನಿಲ್ಲಲಿ. ಕಲಬುರಗಿ, ಬೀದರ್, ರಾಯಚೂರುಗಳ ಪತ್ರಕರ್ತರ ಸಂಘಗಳು ಜೊತೆಗೂಡಲಿ. ಭಾಷಣ ಎಷ್ಟು ಹೊತ್ತೋ ಪ್ರಶ್ನೋತ್ತರಕ್ಕೂ ಅಷ್ಟೇ ಹೊತ್ತು ಮೀಸಲಿರಲಿ, ಗುರುತಿನ ಚೀಟಿಯಿಲ್ಲದ ಸಾಮಾನ್ಯ ನಾಗರಿಕರೂ ಕೇಳಲಿ. ಸಭೆಗಳ ವರದಿಯಲ್ಲಿ ಭಾಷಣ ಅಚ್ಚಾಗುತ್ತದೆ, ಕೇಳಿದ ಪ್ರಶ್ನೆಗಳು ಬಿಟ್ಟುಹೋಗುತ್ತವೆ. ಇಂಥ ಉಪನ್ಯಾಸ ನಡೆದರೆ ಅದರ ಕನ್ನಡ ಪಾಠವನ್ನು ನಾವು ಪೂರ್ತಿಯಾಗಿ ಪ್ರಕಟಿಸುತ್ತೇವೆ, ಸಭಿಕರು ಕೇಳಿದ ಪ್ರತಿಯೊಂದು ಪ್ರಶ್ನೆಯ ಸಮೇತ.