ಬೆರಳ ತುದಿಯ ಪ್ರಶ್ನೆ

ಬೇಲೂರಿನ ಮದನಿಕೆಯರ ಪೀಠಗಳಲ್ಲಿ ನಮ್ಮೂರಿನ ಹೆಸರುಂಟು. 1117ರಲ್ಲಿ ಪ್ರತಿಷ್ಠೆಗೊಂಡ ಆ ಗುಡಿಗಾಗಿ ದುಡಿದ ದಾಸೋಜನೂ ಅವನ ಮಗ ಚಾವಣನೂ ಬಳ್ಳಿಗಾವಿಯವರು. ಈ ಹೆಮ್ಮೆಯನ್ನು ನಾವು ಭಾಷಣಗಳಲ್ಲಿ ಬೇಕಾದಷ್ಟು ಆಡಿಕೊಂಡಿದ್ದೇವೆ. ಆದರೆ ಆ ಕೈಗಳು ಕೂದಲೆಳೆಯಷ್ಟೂ ತಪ್ಪದಂತೆ ಉಳಿ ಹಿಡಿದುದು ಹೇಗೆಂದು ಕೇಳಿದವರು ಕಡಮೆ. ಇದೇ ಪ್ರಶ್ನೆ ಈಗ ಯಂತ್ರದ ಕೈ ಮಾಡುವವರ ಮುಂದೆ ಬಂದು ನಿಂತಿದೆ. ಕಲಾವಿಭಾಗದವನಿಗೆ ಇದರ ಗೊಡವೆ ಏಕೆಂದು ಸ್ನೇಹಿತರು ನಗಬಹುದು, ನಗಲಿ. ಆಲೆಮನೆಯ ಗಾಣಕ್ಕೋ ಒಕ್ಕಣೆ ಯಂತ್ರಕ್ಕೋ ಕೈ ಕೊಟ್ಟವರು ಇರುವ ಸೀಮೆಯಲ್ಲಿ ಇದು ಎಲ್ಲರ ಪ್ರಶ್ನೆ.

ನಮ್ಮ ಬೆರಳುಗಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂದೋಳಿನಲ್ಲಿವೆ. ಅಲ್ಲಿಂದ ಹೊರಟ 9 ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಹಾದು ಬೆರಳುಗಳನ್ನು ಎಳೆಯುತ್ತವೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳನ್ನು ಕಂಡವರಿಗೆ ಇದು ಹೊಸದೆನಿಸದು. ಅಲ್ಲಿಯೂ ಎಳೆಯುವವನು ದೂರ, ಆಡುವ ಕೈ ಇನ್ನೊಂದು ಕಡೆ. ಗೊಂಬೆಯ ಪ್ರತಿಯೊಂದು ಕೀಲಿಗೂ ದಾರವಿರುವುದಿಲ್ಲ. ಉಳಿದುದನ್ನು ಅದರ ಭಾರವೇ ನಡೆಸುತ್ತದೆ.

ಯಂತ್ರದ ಕೈಗಳಲ್ಲಿಯೂ ಇಂಥದೊಂದು ಜಾತಿಯುಂಟು. ಕೀಲುಗಳು ಹಲವು, ಎಳೆಯುವ ಮೋಟಾರು ಒಂದೋ ಎರಡೋ. ಜಪಾನಿನ ಹಿರೋಸೆ ಮತ್ತು ಉಮೆತಾನಿ 1978ರಲ್ಲಿ ಇಂತಹ ಹಿಡಿಕೆಯೊಂದನ್ನು ಪ್ರಕಟಿಸಿದರು. ಇಟಲಿಯ ಪೀಸಾದಲ್ಲಿ ರೂಪುಗೊಂಡ ಕೈಯೊಂದರಲ್ಲಿ 19 ಕೀಲುಗಳಿಗೆ ಒಂದೇ ಮೋಟಾರು. ದಾರ ಎಳೆದೊಡನೆ ಬೆರಳಿನ ಬುಡ ವಸ್ತುವನ್ನು ಮುಟ್ಟಿ ನಿಲ್ಲುತ್ತದೆ, ಮುಂದಿನ ಕೀಲು ಮಾತ್ರ ಬಾಗುತ್ತ ಹೋಗುತ್ತದೆ. ತೆಂಗಿನಕಾಯಿಯಾಗಲಿ ಸೌಟಾಗಲಿ, ಕೈ ತಾನಾಗಿಯೇ ಅದರ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಎಂತಹ ಸೊಗಸು!

ಆದರೆ ಸೂಜಿಯ ಮುಂದೆ ಈ ಸೊಗಸು ಸೋಲುತ್ತದೆ. ಎಷ್ಟು ದಾರ ಎಳೆದೆವೆಂಬುದರಿಂದ ಮಾತ್ರವೇ ಬೆರಳ ತುದಿ ಎಲ್ಲಿದೆಯೆಂದು ಹೇಳಲಾಗದು. ಮುಟ್ಟಿದ ವಸ್ತು, ಕೀಲಿನ ಸ್ಪ್ರಿಂಗು, ದಾರದ ಘರ್ಷಣೆ ಎಲ್ಲವೂ ಸೇರಿ ಅದನ್ನು ನಿರ್ಧರಿಸುತ್ತವೆ. ಈ ಘರ್ಷಣೆ ಏನೆಂಬುದು ಸೈಕಲ್ಲು ತುಳಿದವರಿಗೆಲ್ಲ ಗೊತ್ತು: ಬ್ರೇಕಿನ ತಂತಿಯ ಕವಚ ಹೆಚ್ಚು ಬಾಗಿದಷ್ಟೂ ಬ್ರೇಕು ಬಿಗಿಯಾಗುತ್ತದೆ. ಘರ್ಷಣಾಂಕ 0.2 ಇರುವಲ್ಲಿ ದಾರ ಅರ್ಧ ಸುತ್ತು ಬಳಸಿ ಹೋದರೆ, ಈಚೆಯಿಂದ 10 ಕಿಲೋ ಬಲದಲ್ಲಿ ಎಳೆದರೂ ಆಚೆಗೆ ಮುಟ್ಟುವುದು ಸುಮಾರು 5 ಮಾತ್ರ. ಬಿಡುವಾಗ ಲೆಕ್ಕ ತಿರುಗುಮುರುಗು. ದಾರ ದಿನಗಳೆದಂತೆ ಸಡಿಲವಾಗುವುದು ಬೇರೆ.

ಇದಕ್ಕೆ ಮೋಟಾರುಗಳನ್ನು ಹೆಚ್ಚಿಸುವುದೇ ಮದ್ದೆಂದು ಹೇಳುವವರುಂಟು. ನಾನು ಒಪ್ಪುವುದಿಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ ಯೂಟಾ–ಎಂ.ಐ.ಟಿ. ಕೈಗೆ 16 ಕೀಲು, 32 ದಾರ. ಎಳೆಯುವ ಸಾಮಗ್ರಿ ಕೈಗಿಂತ ಎಷ್ಟೋ ದೊಡ್ಡದು. ಪ್ರಯೋಗಶಾಲೆಗೆ ಅದು ಸರಿ, ತೋಳಿಗೆ ಕಟ್ಟಿಕೊಂಡು ಗದ್ದೆಗೆ ಹೋಗುವವನಿಗೆ ಭಾರ. ಮೊದಲು ದಾರದ ದಾರಿ ನೆಟ್ಟಗಾಗಲಿ. ತಿರುವುಗಳಲ್ಲಿ ಉಜ್ಜುವ ಕವಚದ ಬದಲು ಉರುಳುವ ಪುಟ್ಟ ರಾಟೆ, ಹೆಚ್ಚು ಹಿಗ್ಗದ ಪಾಲಿಎಥಿಲೀನ್ ನೂಲು, ಮೊದಲೇ ಕೊಟ್ಟ ಬಿಗುಪು. ಅನಂತರ, ಮೋಟಾರು ಎಷ್ಟು ಸುತ್ತಿತೆಂಬುದನ್ನು ನಂಬದೆ ಕೀಲಿನಲ್ಲಿಯೇ ಕೋನವನ್ನು, ಬೆರಳಿನ ಬಳಿಯೇ ಎಳೆತವನ್ನು ಅಳೆಯಬೇಕು.

ಇನ್ನೊಂದು ಮಾತು. ಹೆಗಲ ಪಟ್ಟಿಯಿಂದ ತಂತಿ ಎಳೆದು ನಡೆಸುವ ಹಳೆಯ ಕೃತಕ ಕೈಯನ್ನು ಹಳೆಯದೆಂದು ಜರೆಯುವುದು ಸುಲಭ. ಅದರಲ್ಲಿ ಹಿಡಿತದ ಬಿಗಿ ತಂತಿಯ ಮೂಲಕ ಹೆಗಲಿಗೆ ಬಂದು ಮುಟ್ಟುತ್ತದೆ; ತೊಟ್ಟವನು ಕಣ್ಣಿಟ್ಟು ನೋಡದೆಯೂ ತಿಳಿಯಬಲ್ಲ. ಮೋಟಾರಿನ ಕೈ ಈ ಸುದ್ದಿಯನ್ನು ತಾನಾಗಿ ತಂದುಕೊಡದು. ಅದನ್ನು ಮತ್ತೆ ಬೇರೆ ಉಪಾಯದಿಂದ ಒದಗಿಸಬೇಕು.

ಲೋಟ ಎತ್ತಿ ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಸಾಲದು. ಇಂಥ ಕೈಗೆ ನಮ್ಮ ಕಡೆಯ ಪರೀಕ್ಷೆ ಬೇರೆ ಇರಬೇಕು: ಬೆಂಕಿಕಡ್ಡಿ ಗೀರಲಿ, ನೆಲಕ್ಕೆ ಬಿದ್ದ ನಾಣ್ಯ ಹೆಕ್ಕಲಿ, ಸಾರನ್ನ ಕಲಸಿ ಚೆಲ್ಲದೆ ತುತ್ತು ಎತ್ತಲಿ. ಇಷ್ಟನ್ನೂ ಮೊದಲ ದಿನ ಒಮ್ಮೆ, ದಾರವನ್ನು ಹತ್ತು ಸಾವಿರ ಸಲ ಎಳೆದ ಮೇಲೆ ಇನ್ನೊಮ್ಮೆ ಮಾಡಿಸಿ ನೋಡಲಿ.